ಕೊನೆ ಚೊಲೋ ಹಿಡದ್ದು

2025 ಜುಲೈ 27, ಭಾನುವಾರ ರಾತ್ರಿ

ಕರೆಂಟು ನಿನ್ನೆ ಮಧ್ಯಾಹ್ನ ಹೋದದ್ದು ಇನ್ನೂ ಬಂದಿಲ್ಲ. ಫೋನಿನಲ್ಲಿ 31 ಪರ್ಸೆಂಟ್ ಇದೆ. ಅದು ಮುಗಿಯೋದರೊಳಗೆ ಬರೆದಷ್ಟು.

ನಿನ್ನೆ ಬೆಳಗ್ಗೆ ಹುಬ್ಬಳ್ಳಿಯಿಂದ ಬಂದು ಇಳಿದರೆ ಹಳ್ಳ ದಾಟುವ ಕಾಲುಸಂಕವೇ ಇಲ್ಲ. ಶುಕ್ರವಾರ ರಾತ್ರಿ ಹಳ್ಳ ಒಯ್ದಿದೆ. ಬೆಟ್ಟದ ದಾರಿಯಲ್ಲಿ ಸುತ್ತಿ ಮನೆ ಸೇರಿದೆ. ಕಾಲಿಗೆ ಹತ್ತಿದ ಉಂಬಳ ಏಳು. ಎಣಿಸಿದ್ದೇನೆ.

ಕೆಳಗಿನ ತೋಟದಲ್ಲಿ ಮೊಣಕಾಲುದ್ದ ನೀರು. ಬಸಿಗಾಲುವೆ ಎಲ್ಲಿದೆ, ದಿಬ್ಬ ಎಲ್ಲಿದೆ ಅಂತ ಅಪ್ಪನ ಕಾಲಿಗೆ ಮಾತ್ರ ಗೊತ್ತು. ಅವನ ಹಿಂದೆಯೇ ಹೆಜ್ಜೆ ಇಟ್ಟುಕೊಂಡು ಹೋದೆ. ನೀರು ಇಳಿದ ಜಾಗದಲ್ಲೆಲ್ಲ ಎಳೆ ಅಡಿಕೆ ಚೆಲ್ಲಿತ್ತು. ಒಂದನ್ನು ಹೆಕ್ಕಿ ನೋಡಿದೆ. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ, ಅದರ ಮೇಲೆ ಬಿಳಿ ಬೂಷ್ಟು. ಕೊಳೆ ರೋಗ. ಅಪ್ಪ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈ ಸಲ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತಲ್ಲ, ಅದರ ಬೆನ್ನಿಗೇ ಇಲ್ಲೂ ಹಿಡಿಯಿತು. ಮರ ಹತ್ತಿ ಮದ್ದು ಹೊಡೆಯುವ, ಕೊನೆ ಅಂದರೆ ಅಡಿಕೆ ಗೊಂಚಲು ಇಳಿಸುವ ಕೊನೆಗೌಡ ಜೂನಿಗೆ ಬರ್ತೇನೆ ಅಂದಿದ್ದ. ಅಂತೂ ಜೂನ್ ಮಧ್ಯದಲ್ಲಿ ಎರಡು ದಿನ ಬಿಸಿಲು ಬಿದ್ದಾಗ ಕೊಳೆಗೆ ಮೊದಲ ಮದ್ದು ಹೊಡೆಸಿದ್ದಾಯಿತು. ಅದಾಗಿ ನಲವತ್ತು, ನಲವತ್ತೈದು ದಿನಕ್ಕೆ ಎರಡನೆಯದು. ಅಂದರೆ ಈಗ. ಈ ಪುಷ್ಯ ಮಳೆಯಲ್ಲಿ ಮರ ಹತ್ತುವವರು ಯಾರು?

ನಿನ್ನೆ ಸಿನಿಮಾಕ್ಕೆ ಹೋಗೋಣ ಅಂದದ್ದು ನಾನೇ. ತಪ್ಪು ನನ್ನದೇ. ಶೂಟಿಂಗ್ ನಮ್ಮ ಕಡೆಯೇ ಆಗಿದೆ ಅಂತ ಓದಿದ್ದೆ. ಮನೆಯಲ್ಲಿ ಕೂತು ಮಳೆ ನೋಡೋದಕ್ಕಿಂತ ಅದಾದರೂ ಆಗಲಿ ಅಂತ. ಅಪ್ಪ ಥಿಯೇಟರಿಗೆ ಬಂದು ಎಷ್ಟು ವರ್ಷವಾಯಿತೋ, ಅವನಿಗೇ ನೆನಪಿಲ್ಲ. ಆಯಿ ಮಾತ್ರ ಪತ್ತಲದ ಸೀರೆ ಉಟ್ಟು ತಯಾರಾಗಿ, ಬೆಟ್ಟ ಹತ್ತುವಾಗ ಅದನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡಳು. ಆಚೆ ಪಕ್ಕದ ಮನೆಯವರ ಓಮಿನಿ ಕಾಯುತ್ತಿತ್ತು.

ಒಳಗೆ ಹೆಚ್ಚೆಂದರೆ ಇಪ್ಪತ್ತು ಜನ. ಒದ್ದೆ ಕೊಡೆ, ಒದ್ದೆ ಬಟ್ಟೆಗಳ ವಾಸನೆ. ತಗಡಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಅರ್ಧ ಡೈಲಾಗು ಕೇಳಲಿಲ್ಲ. ಕೇಳಿದ ಅರ್ಧ ಕೇಳದಿದ್ದರೂ ಆಗುತ್ತಿತ್ತು. ಮಲೆನಾಡಿನ ಹುಡುಗಿಯಂತೆ, ಒಂದು ಕಡೆ ಮಂಗಳೂರಿನ ಹಾಗೆ ಮಾತಾಡ್ತಾಳೆ, ಇನ್ನೊಂದು ಕಡೆ ಬೆಂಗಳೂರಿನ ಹಾಗೆ. ಹೀರೋ ಪಟ್ಟಣದಿಂದ ಬಂದು ಊರಿನವರಿಗೆಲ್ಲ ಬುದ್ಧಿ ಹೇಳ್ತಾನೆ. ಎಲ್ಲರೂ ಕೇಳ್ತಾರೆ! ನಮ್ಮೂರಿನಲ್ಲಿ ಹೇಳಿ ನೋಡಲಿ. ಇಂಟರ್‌ವಲ್‌ಗೆ ದೀಪ ಹತ್ತಿದಾಗ ಅಪ್ಪ ಎದ್ದು ನಿಂತು, "ಮುಗತ್ತಾ?" ಅಂದ. ಮಿರ್ಚಿ ಭಜಿ ಕೊಡಿಸಿ ಕೂರಿಸಿದೆ. ಭಜಿ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು.

ಎರಡನೇ ಅರ್ಧದಲ್ಲಿ ಅಡಿಕೆ ತೋಟದೊಳಗೊಂದು ಹಾಡು. ಅವಳು ಅಳ್ತಾ ಇದ್ದಾಳೆ, ಅವನು ಮರಕ್ಕೆ ಒರಗಿ ನಿಂತಿದ್ದಾನೆ. ಆಗ ಅಪ್ಪ, ಹಿಂದಿನ ಸಾಲಿಗೂ ಕೇಳುವ ಹಾಗೆ, "ಕೊನೆ ಚೊಲೋ ಹಿಡದ್ದು" ಅಂದ. ಯಾರೋ ನಕ್ಕರು. ನನಗೂ ನಗು ತಡೆಯಲಿಲ್ಲ. ಸಿನಿಮಾದ ಕೊನೆ ಮಾತ್ರ, ಬಿಡಿ.

ವಾಪಸ್ ಬರುವಾಗ ಶಿರಸಿಯ ಹುಲೇಕಲ್ ರಸ್ತೆಯಲ್ಲಿ ಮೋರಿಯ ಮೇಲೆ ನೀರು. ಮುಂದೆ ಒಂದು ಜೀಪು, ಎರಡು ಬೈಕು. ಇಳಿಯಲಿ ಅಂತ ಕಾದೆವು. ವೈಪರ್ ನಿಲ್ಲಿಸಿದರು. ಗಾಜಿನ ಮೇಲೆ ನೀರು ಬಿಟ್ಟರೆ ಏನೂ ಕಾಣಿಸುತ್ತಿರಲಿಲ್ಲ.

"ಅದು ಯಾರ ತೋಟಾಗಿಕ್ಕು?" ಅಂದ ಅಪ್ಪ. ಹಾಡಿನದು. ಗೊತ್ತಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಪೇಟೆಯಿಂದ ಏನು ತರಬೇಕು ಅಂತ ಹೇಳುವ ದನಿಯಲ್ಲೇ, "ತಂಗೀ, ಬಪ್ಪ ವರ್ಷ ತೋಟ ಫಸಲು ಗುತ್ತಿಗೆ ಕೊಟ್ಬುಡನ ಹೇಳಿ ಮಾಡಿದ್ದಿ" ಅಂದ.

"ತಮ್ಮಂಗೆ ಹೇಳಿದ್ಯಾ?"

"ಇಲ್ಲೆ."

ಹಿಂದಿನ ಸೀಟಿನಿಂದ ಆಯಿ, "ಅಂವ ಎಂತ ಹೇಳ್ತ. ನಿಂಗಕ್ಕಿಗೆ ಹೆಂಗೆ ಅನುಕೂಲವೋ ಹಂಗೆ ಮಾಡಿ ಹೇಳ್ತ" ಅಂದಳು. ಅವನು ಇದೇ ಮಾತು ಹೇಳ್ತಾನೆ, ಇದೇ ದನಿಯಲ್ಲಿ. ನನಗೂ ಗೊತ್ತು. ನಾನಾದರೂ ಬೇರೇನು ಹೇಳಿದೆ? "ಇಂಟರ್‌ವಲ್ ಆದ ಮೇಲೆ ತೀರಾ ಬೋರ್ ಅಲ್ವಾ" ಅಂದೆ! ನಿಜವಾಗಿ ಅದನ್ನೇ ಅಂದೆ. ಅಪ್ಪ "ಹೂಂ" ಅಂದ.

ಗುತ್ತಿಗೆ ಅಂದರೆ ಅವರೇ ಬಂದು ಕೊನೆ ಇಳಿಸಿ ಒಯ್ಯುತ್ತಾರೆ. ದುಡ್ಡು ಬರುತ್ತದೆ. ರಗಳೆ ಇಲ್ಲ. ಅಂಗಳದಲ್ಲಿ ರಾಶಿ ಇಲ್ಲ, ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮೇಲೆ ಕೂತು ಸುಲಿಯುತ್ತಾ ಊರಿನ ಸುದ್ದಿ ಮಾತಾಡುವವರಿಲ್ಲ, ಅಡಿಕೆ ಬೇಯಿಸುವ ಹಂಡೆಯ ತೊಗರಿನ ವಾಸನೆಯೂ ಇಲ್ಲ. ಕೊಳೆ ಮದ್ದಿಗೆ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು 100 ಲೀಟರ್. ಈ ಲೆಕ್ಕ ನನಗೆ ಮಗ್ಗಿಗಿಂತ ಮೊದಲು ಬಾಯಿಗೆ ಬಂದಿತ್ತು. ಅಪ್ಪ ಕತ್ತಿಯ ತುದಿ ಅದ್ದಿ ತೋರಿಸುತ್ತಿದ್ದ. ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ. "ಸಾಕಾ?" ಅಂತ ನನ್ನನ್ನೇ ಕೇಳುತ್ತಿದ್ದ. ಆರು ವರ್ಷದವಳನ್ನು.

ಇವತ್ತು ಇಡೀ ದಿನ ಹಲಸಿನ ಹಪ್ಪಳ, ನಿದ್ದೆ. ಅಪ್ಪ ಕಂಬಳಿಕೊಪ್ಪೆ ಹಾಕಿ, ಗುದ್ದಲಿ ಹಿಡಿದು ಮೂರು ಸಲ ತೋಟಕ್ಕೆ ಹೋಗಿ ಬಂದ. ನೀರು ಒಂದು ಗೇಣು ಇಳಿದಿದೆಯಂತೆ.

9 ಪರ್ಸೆಂಟ್. ಮಂಗಳವಾರ ಪಂಚಮಿ, ಇದ್ದು ಹೋಗು ಅಂತಿದ್ದಾಳೆ ಆಯಿ. ರಜೆ ಇಲ್ಲ. ಬೆಳಗ್ಗೆ ಐದೂವರೆಗೆ ಹೊರಟರೆ ಬಸ್ಸು ಸಿಗಬಹುದು. ತಮ್ಮನಿಗೆ ಫೋನ್ ಮಾಡೋಣ ಅಂದರೆ ಗುಡ್ಡದ ಮೇಲೆ ಹೋಗಬೇಕು ನೆಟ್‌ವರ್ಕಿಗೆ. ಹೋದರೂ ಏನಂತ ಶುರು ಮಾಡೋದು? ಸಿನಿಮಾ ಚೆನ್ನಾಗಿರಲಿಲ್ಲ ಅಂತಲಾ, ಅಥವಾ

ಹಿತ್ತಿಲಲ್ಲಿ ಅಪ್ಪ ನೀಲಿ ಡ್ರಮ್ಮು ಉರುಳಿಸುತ್ತಿರುವ ಸದ್ದು. ಈ ಕತ್ತಲಲ್ಲಿ ಎಂತಕ್ಕೆ, ನೋಡಿ ಬರ್ತೇನೆ.