ತೂಕ ಎಷ್ಟು ಬಂತು?

ಅಪ್ಪ 40 ವರ್ಷ ಹನುಮಂತನಗರದಲ್ಲಿ ದಿನಸಿ ಅಂಗಡಿ ನಡೆಸಿದವರು. ಎರಡು ವರ್ಷದಿಂದ ಹೊಟ್ಟೆ ಮುಂದೆ ಬರುತ್ತಿತ್ತು, ಕೈಕಾಲು ಮಾತ್ರ ಸಣ್ಣಗಾಗುತ್ತಿದ್ದವು. 'ಗಲ್ಲಾದಲ್ಲಿ ಕೂತು ಕೂತು ಬಂದಿದ್ದು' ಅಂತ ನಾವೂ ನಕ್ಕೆವು. ಗ್ಯಾಸಿನ ಮಾತ್ರೆ ನುಂಗಿದ್ದೇ ನುಂಗಿದ್ದು. ನೋವಿರಲಿಲ್ಲ, ಎಡವಟ್ಟಾಗಿದ್ದೇ ಅಲ್ಲಿ. ಹೊಟ್ಟೆಯ ಹಿಂದೆ, ಬೆನ್ನಿನ ಕಡೆ ಜಾಗ ಧಾರಾಳ. ಅಲ್ಲಿ ಬೆಳೆಯುವ ಗೆಡ್ಡೆ ಕರುಳನ್ನು ಪಕ್ಕಕ್ಕೆ ತಳ್ಳಿಕೊಂಡು ತುಂಬಾ ದಿನ ತೆಪ್ಪಗಿರುತ್ತದೆ.

ಸ್ಕ್ಯಾನಿಂಗ್ ನೋಡಿದ ಹತ್ತಿರದ ನರ್ಸಿಂಗ್ ಹೋಂನವರು 'ಕೊಬ್ಬಿನ ಗಂಟು, ನಾಳೆನೇ ತೆಗೆದುಬಿಡೋಣ' ಎಂದರು. ನಾನು ಅಡ್ವಾನ್ಸ್ ಕಟ್ಟಲು ಹೊರಟಿದ್ದೆ. ಭಾವ ಬಿಡಲಿಲ್ಲ. ಟ್ರಾಫಿಕ್‌ನಲ್ಲಿ ಅವರನ್ನು ಬೈದುಕೊಂಡೇ ಕ್ಯಾನ್ಸರ್ ಆಸ್ಪತ್ರೆಗೆ ಹೋದೆ.

ಅಲ್ಲಿ ಮೊದಲು ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಲೈಪೋಸಾರ್ಕೋಮಾ. ಕೊಬ್ಬಿನಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್. ಸರ್ಜನ್ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಗೆಡ್ಡೆಯನ್ನು ಸುಲಿದು ತೆಗೆಯುವ ಹಾಗಿಲ್ಲ, ಅಂಟಿಕೊಂಡಿದ್ದೆಲ್ಲ ಸೇರಿ ಒಂದೇ ತುಂಡಾಗಿ ಬರಬೇಕು. ಉಳಿದರೆ ಅದೇ ಜಾಗದಲ್ಲಿ ಮತ್ತೆ ಬೆಳೆಯುತ್ತೆ. ಮೊದಲ ಆಪರೇಷನ್ ಕೆಟ್ಟರೆ ಎರಡನೆಯದು ಇನ್ನೂ ಕಷ್ಟ.

'ಎಡಗಡೆ ಕಿಡ್ನಿ, ದೊಡ್ಡ ಕರುಳಲ್ಲಿ ಸ್ವಲ್ಪ ಹೋಗುತ್ತೆ.'

'ಕಿಡ್ನಿ ಚೆನ್ನಾಗಿದೆ ಅಂದ್ರಲ್ಲ ಸಾರ್?'

'ಚೆನ್ನಾಗೇ ಇದೆ. ಗೆಡ್ಡೆ ಸುತ್ಕೊಂಡಿದೆ.'

ಬಲಗಡೆಯದು ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ಮೊದಲೇ ನೋಡಿದ್ದರು. ಆದರೂ ಚೆನ್ನಾಗಿರೋ ಕಿಡ್ನಿ ತೆಗೆಯಿರಿ ಅಂತ ಸಹಿ ಹಾಕೋದು ಸುಮ್ನೆ ಅಲ್ಲ.

ಏಳು ಗಂಟೆ ಕಾದ ಮೇಲೆ ಆಪರೇಷನ್ ಥಿಯೇಟರ್ ಬಾಗಿಲಿಗೆ ಕರೆದರು. ಸ್ಟೀಲ್ ಬೇಸಿನ್ ಮೇಲಿನ ಹಸಿರು ಬಟ್ಟೆ ಸರಿಸಿದರು. ಹೆಪ್ಪುಗಟ್ಟಿದ ತುಪ್ಪದ ಬಣ್ಣ, ಉಂಡೆ ಉಂಡೆಯಾಗಿ. ಒಂದು ಪಕ್ಕದಲ್ಲಿ ಕರುಳಿನ ತುಂಡು. ಕಿಡ್ನಿ ಕಾಣಲೇ ಇಲ್ಲ. 'ಒಳಗಿದೆ' ಎಂದು ಸರ್ಜನ್ ಗ್ಲೌಸಿನ ಬೆರಳಿಂದ ಒತ್ತಿ ತೋರಿಸಿದರು. ಎಷ್ಟೋ ದಿನ ತುಪ್ಪದ ಡಬ್ಬಿ ಮುಟ್ಟಲಾಗಲಿಲ್ಲ ನನಗೆ.

ಇನ್ನು ಕೆಲವು ತಿಂಗಳಿಗೊಮ್ಮೆ ಸಿ.ಟಿ. ಸ್ಕ್ಯಾನ್. ವರ್ಷಗಳಾದ ಮೇಲೂ ಮರಳಬಹುದಂತೆ.

ಅಪ್ಪನಿಗೆ ಪೂರ್ತಿ ಎಚ್ಚರವಾದಾಗ ಮೊದಲು ಕೇಳಿದ್ದು, 'ತೂಕ ಎಷ್ಟು ಬಂತು?'

'4 ಕೆಜಿ 200 ಗ್ರಾಂ ಅಪ್ಪ.'

ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

'ಕಿಡ್ನಿ ಸೇರಿಸಿನಾ, ಬಿಟ್ಟಾ?'