ಸಕ್ಷನ್ ಜಾರಿನಲ್ಲಿ ಕುಚ್ಚಲಕ್ಕಿ ಅಗುಳು

ಬಾಯಿ, ಗಂಟಲಿನಿಂದ ಹೀರಿ ತೆಗೆದದ್ದು ತುಂಬುವ ಜಾರಿನ ತಳದಲ್ಲಿ ಬಿದ್ದಿದ್ದ ಕುಚ್ಚಲಕ್ಕಿ ಅಗುಳು ಇಡಿಯಾಗಿಯೇ ಇದ್ದವು. ಮೈಮೇಲಿನ ಕೆಂಪು ಗೆರೆ ಕೂಡ ಮಾಸಿರಲಿಲ್ಲ. ಹಿಂದಿನ ರಾತ್ರಿ 8 ಗಂಟೆಗೆ ಉಂಡ ಅನ್ನ ಅದು. ಹೊರಗೆ ಬಂದದ್ದು ಬೆಳಿಗ್ಗೆ 8.20ಕ್ಕೆ, ಆಪರೇಶನ್ ಟೇಬಲ್ ಮೇಲೆ, ಅರಿವಳಿಕೆ ಮದ್ದು ಪ್ರೊಪೊಫಾಲ್ ಕೊಟ್ಟು ಒಂದು ನಿಮಿಷ ಆಗುವ ಮೊದಲು. 12 ಗಂಟೆ ಎನ್‌ಬಿಎಂ (ಬಾಯಿಗೆ ಏನೂ ಕೊಡದೆ) ಇದ್ದವರ ಹೊಟ್ಟೆಯಲ್ಲಿ ಅನ್ನ ಹಾಗೇ ಕೂತಿರಲು ಕಾರಣವಿತ್ತು. ಅದರ ಸುಳಿವು ಬೆಳಿಗ್ಗೆಯೇ ಎರಡು ಸಲ ನನ್ನ ಕಿವಿಗೆ ಬಿದ್ದಿತ್ತು. ಎರಡು ಸಲವೂ ಬಿಟ್ಟುಬಿಟ್ಟೆ.

ನಮ್ಮದು ಕುಮಟಾ, ಅಂಕೋಲಾ ಕಡೆಯವರು ಬರುವ ಒಂದು ಸಾಧಾರಣ ಖಾಸಗಿ ಆಸ್ಪತ್ರೆ. ಎರಡನೇ ಮತ್ತು ನಾಲ್ಕನೇ ಶನಿವಾರ ಹುಬ್ಬಳ್ಳಿಯಿಂದ ಪ್ಲಾಸ್ಟಿಕ್ ಸರ್ಜನ್ ಬರುತ್ತಾರೆ. ಅವರ ಲಿಸ್ಟಿನಲ್ಲಿ ಹೆಚ್ಚಿನದು ಸುಟ್ಟ ಗಾಯ ಮಾಗಿ ಬಿಗಿದ ಚರ್ಮ (ಕಾಂಟ್ರಾಕ್ಚರ್), ಕತ್ತಿ ತಾಗಿ ಕಡಿದ ಟೆಂಡನ್ (ಸ್ನಾಯುರಜ್ಜು), ಶುಗರಿನ ಕಾಲಿಗೆ ಚರ್ಮದ ಕಸಿ (ಗ್ರಾಫ್ಟ್). ಈಗೀಗ ಒಂದೆರಡು ಕಾಸ್ಮೆಟಿಕ್ ಕೇಸೂ ಸೇರಿರುತ್ತವೆ. ಆ ದಿನ ಫಸ್ಟ್ ಕೇಸ್ ಗೈನಕೊಮ್ಯಾಸ್ಟಿಯಾ (ಗಂಡಸರಲ್ಲಿ ಉಬ್ಬಿದ ಎದೆ), ಎರಡೂ ಬದಿ, ಜಿಎ, ಅಂದರೆ ಪೂರ್ತಿ ಅರಿವಳಿಕೆ. ಗಲ್ಫಿನಿಂದ ರಜೆಗೆ ಬಂದಿದ್ದ ಮೂವತ್ತರ ಆಸುಪಾಸಿನ ಗಂಡಸು. ತೂಕ ಚೆನ್ನಾಗಿ ಇಳಿಸಿದ್ದರು, ಎದೆಯ ಭಾಗ ಮಾತ್ರ ಇಳಿದಿರಲಿಲ್ಲ.

ಅರಿವಳಿಕೆಗೆ ಮೊದಲು ವಿಚಾರಿಸಿ ಬರೆಯುವ ನಮ್ಮ ಪಿಎಸಿ ಶೀಟಿನಲ್ಲಿ ಬಿಪಿ, ಶುಗರ್, ಥೈರಾಯ್ಡ್, ಆಸ್ತಮಾ, ಹೃದಯ ಎಂದು ಐದು ಚೌಕ. ಅದರ ಕೆಳಗೆ ‘ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು’ ಎಂದು ಒಂದು ಗೆರೆ. ಅಲ್ಲಿದ್ದದ್ದನ್ನೇ ಓದಿದೆ. “ಮಾತ್ರೆ ಏನಾದರೂ ತಗೊಳ್ತೀರಾ?”

“ಎಂತದೂ ಇಲ್ಲ ಸಿಸ್ಟರ್.”

ನಿಲ್ ಎಂದು ಬರೆದೆ. ಅನಸ್ತೇಶಿಯಾ ಡಾಕ್ಟರೂ ರಾತ್ರಿ ಬಂದು ಕೇಳಿದ್ದರು, ಅದೇ ಉತ್ತರ ಬಂದಿತ್ತು, ನನ್ನ ನಿಲ್ ನೋಡಿ ಅವರೂ ಮುಂದೆ ಹೋಗಿದ್ದರು. ಬೆಳಿಗ್ಗೆ 6.30ಕ್ಕೆ ಕ್ಯಾನುಲಾ ಹಾಕುವಾಗ ಪೇಷಂಟೇ ಹೇಳಿದರು, “ರಾತ್ರಿ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿಹೋಯ್ತು.” ಆಪರೇಶನ್ ಹೆದರಿಕೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಹುಳಿ ತೇಗು ಬರುತ್ತದೆ ಎಂದರು. ಗ್ಯಾಸ್ ಇರಬೇಕೆಂದು ಡಾಕ್ಟರು ಮೊದಲೇ ಬರೆದಿಟ್ಟ ಸ್ಟ್ಯಾಂಡಿಂಗ್ ಆರ್ಡರಿನಲ್ಲಿದ್ದ, ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟಪ್ ಕೊಟ್ಟೆ. ಡಾಕ್ಟರಿಗೆ ಹೇಳಲಿಲ್ಲ. ರಾತ್ರಿ ಎಂಟಕ್ಕೆ ನಾಲ್ಕೇ ತುತ್ತು ಉಂಡವರಿಗೆ ಬೆಳಿಗ್ಗೆ ತೇಗು ಏಕೆ ಬರಬೇಕು ಎಂದು ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು.

ಅರಿವಳಿಕೆಯಲ್ಲಿ ಹೀಗಾಗುವಾಗ ವಾಂತಿಯ ಸದ್ದು ಬರಲೇಬೇಕೆಂದಿಲ್ಲ. ಮೈ ಸಡಿಲಾದಾಗ ಹೊಟ್ಟೆಯಲ್ಲಿದ್ದದ್ದು ಸುಮ್ಮನೆ ಮೇಲೆ ಬಂದು ಗಂಟಲಲ್ಲಿ ನಿಲ್ಲುತ್ತದೆ. ಕೆಮ್ಮುವ ಶಕ್ತಿಯನ್ನು ಮದ್ದು ಕಸಿದಿರುತ್ತದೆ, ಶ್ವಾಸನಾಳಕ್ಕೆ ಕಾವಲಿಲ್ಲ. ಮಾಸ್ಕಿನೊಳಗೆ ಕಂದು ನೀರು ಕಂಡಿತು. “ಹೆಡ್ ಡೌನ್” ಎಂದರು ಡಾಕ್ಟರು. ಟೇಬಲ್ಲಿನ ತಲೆಭಾಗ ಇಳಿಸಿ ಮುಖ ಪಕ್ಕಕ್ಕೆ ತಿರುಗಿಸಿದೆವು. ದಿಂಬಿನ ಕೆಳಗೆ ಯಾಂಕರ್ (ಸಕ್ಷನ್ ಪೈಪಿನ ತುದಿಗೆ ಹಾಕುವ ಗಟ್ಟಿ ನಳಿಕೆ) ಇತ್ತು, ಸಕ್ಷನ್ ಆನ್ ಆಗಿಯೇ ಇತ್ತು. ಆದರೆ ಮೊದಲ ಎಳೆತಕ್ಕೇ ಅನ್ನ ಯಾಂಕರಿನ ತೂತಿಗೆ ಕಟ್ಟಿಕೊಂಡಿತು. ಡಾಕ್ಟರು ಅದನ್ನು ಕಿತ್ತೆಸೆದು ಬರೀ ಸಕ್ಷನ್ ಪೈಪನ್ನೇ ಬಾಯೊಳಗೆ ಹಿಡಿದರು. ಅದರ ಬಾಯಿ ದೊಡ್ಡದು, ಅಗುಳು ಸರಸರನೆ ಹೋದವು.

ಅಷ್ಟರಲ್ಲಿ ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 99ರಿಂದ 91, 84, 76. ಅಂಕಿ ಇಳಿದ ಹಾಗೆ ಮಾನಿಟರಿನ ಬೀಪ್ ಸ್ವರವೂ ತಗ್ಗುತ್ತ ಹೋಗುತ್ತದೆ, ಪರದೆ ನೋಡಬೇಕಾಗಿಲ್ಲ, ಕಿವಿಗೇ ಗೊತ್ತಾಗುತ್ತದೆ. ಶ್ವಾಸನಾಳಕ್ಕೆ ಟ್ಯೂಬ್ ಹೋಯಿತು, ಅದರ ಸುತ್ತ ಗಾಳಿ ತುಂಬುವ ಕಫ್ ಉಬ್ಬಿಸಿದೆ. ಗಾಳಿ ಒತ್ತುವ ಮೊದಲು ಟ್ಯೂಬಿನೊಳಗೂ ಸಕ್ಷನ್ ಮಾಡಿದರು. ಒಳಗಿದ್ದದ್ದನ್ನು ಇನ್ನೂ ಕೆಳಕ್ಕೆ ತಳ್ಳಬಾರದಲ್ಲ. ಅಲ್ಲೂ ಸ್ವಲ್ಪ ಕಂದು ಬಂತು. ಆಮೇಲೆ ಆಕ್ಸಿಜನ್. 76ರಿಂದ 94ಕ್ಕೆ ಬರಲು 4 ನಿಮಿಷ ಹಿಡಿಯಿತು. ಆ ನಾಲ್ಕು ನಿಮಿಷ ನನ್ನ ಕಣ್ಣೆದುರು ಇದ್ದದ್ದು ಶೀಟಿನ ಮೇಲೆ ನಾನೇ ಬರೆದ ನಿಲ್.

ಕೇಸ್ ಕ್ಯಾನ್ಸಲ್ ಆಯಿತು. ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಸಣ್ಣ ನೆರಳು, ನಾಲ್ಕನೇ ದಿನ ನಡೆದುಕೊಂಡೇ ಮನೆಗೆ ಹೋದರು. ಆದರೆ ಕೇಸ್ ಕ್ಯಾನ್ಸಲ್ ಆದ ಬೆಳಿಗ್ಗೆಯೇ ಕಾರಿಡಾರಿನಲ್ಲಿ ಅವರ ಹೆಂಡತಿಯನ್ನು ವಿಚಾರಿಸಿದಾಗ ಕಾರಣ ಗೊತ್ತಾಯಿತು. “ಫ್ರಿಜ್ಜಿನಲ್ಲಿ ಪೆನ್ನು ಉಂಟು ಸಿಸ್ಟರ್, ವಾರಕ್ಕೊಂದು ಚುಚ್ಚಿಕೊಳ್ಳೂದು. ಅದು ತೂಕ ಇಳಿಸೂಕೆ. ಮಾತ್ರೆ ಅಲ್ವಲ.”

ಅವರು ಹೇಳಿದ್ದು ಸರಿ. ಅದು ಮಾತ್ರೆಯಲ್ಲ.

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಜಾತಿಯ ಈ ಚುಚ್ಚುಮದ್ದು ಹಸಿವು ಕಡಿಮೆ ಮಾಡುವ ಜೊತೆಗೆ ಹೊಟ್ಟೆ ಖಾಲಿಯಾಗುವುದನ್ನೂ ನಿಧಾನಿಸುತ್ತದೆ. ಡೋಸ್ ಏರಿಸುತ್ತಿರುವ ವಾರಗಳಲ್ಲಿ, ಹೊಟ್ಟೆ ಉಬ್ಬರ, ವಾಕರಿಕೆ, ತೇಗು ಇರುವವರಲ್ಲಿ ಅಪಾಯ ಹೆಚ್ಚು. ವಾರದ ಡೋಸಾದರೆ ಆಪರೇಶನ್ನಿಗೆ ಒಂದು ವಾರ ಮೊದಲೇ ನಿಲ್ಲಿಸಿ ಎಂದು ಅಮೆರಿಕದ ಅರಿವಳಿಕೆ ತಜ್ಞರ ಸಂಘ 2023ರಲ್ಲಿ ಹೇಳಿತ್ತು. 2024ರಲ್ಲಿ ಬೇರೆ ಸಂಘಗಳೂ ಸೇರಿ ಅದನ್ನು ತಿದ್ದಿದವು. ಎಲ್ಲರಿಗೂ ಒಂದೇ ನಿಯಮ ಬೇಡ, ಅಪಾಯ ಹೆಚ್ಚಿದ್ದವರಿಗೆ ಹಿಂದಿನ 24 ಗಂಟೆ ಬರೀ ದ್ರವಾಹಾರ ಕೊಡಿ, ಅನುಮಾನ ಬಂದರೆ ಹೊಟ್ಟೆಯ ಅಲ್ಟ್ರಾಸೌಂಡ್ ನೋಡಿ ಎಂಬುದು ಈಗಿನ ಮಾತು. ಯಾವುದನ್ನು ಮಾಡಬೇಕಾದರೂ ಪೆನ್ನು ಇದೆ ಎಂದು ಗೊತ್ತಿರಬೇಕು. 2025ರಿಂದ ತೂಕ ಇಳಿಸಲೆಂದೇ ಈ ಚುಚ್ಚುಮದ್ದು ನಮ್ಮ ದೇಶದಲ್ಲೂ ಮಾರಾಟವಾಗುತ್ತಿದೆ. ಹಾಗಾಗಿ ಇದು ಗಲ್ಫಿನಿಂದ ಬಂದವರನ್ನು ಮಾತ್ರ ಕೇಳುವ ಪ್ರಶ್ನೆಯಲ್ಲ.

ಈಗ ನಾನು ಕೇಳುವುದು ಹೀಗೆ: “ನುಂಗುವುದು, ಚುಚ್ಚಿಕೊಳ್ಳುವುದು, ಹಚ್ಚುವುದು, ಕುಡಿಯುವುದು, ಡಾಕ್ಟರು ಕೊಟ್ಟದ್ದು, ಜಿಮ್ಮಿನವರು ಕೊಟ್ಟದ್ದು, ಮನೆ ಮದ್ದು, ಏನೇನಿದೆ ಹೇಳಿ.” ಮನೆಯವರ ಹತ್ತಿರವೂ ಒಮ್ಮೆ ಕೇಳುತ್ತೇನೆ. ಆಸ್ಪಿರಿನ್, ಮೀನೆಣ್ಣೆ ಗುಳಿಗೆ, ಬೆಳ್ಳುಳ್ಳಿ ಗುಳಿಗೆ ರಕ್ತಸ್ರಾವ ಹೆಚ್ಚಿಸಬಹುದು. ಡಾಪಾಗ್ಲಿಫ್ಲೋಜಿನ್ ಜಾತಿಯ ಶುಗರ್ ಮಾತ್ರೆ ಮೂರು ದಿನ ಮೊದಲೇ ನಿಲ್ಲಬೇಕು, ಇಲ್ಲವಾದರೆ ಶುಗರ್ ಅಂಕಿ ಚೆನ್ನಾಗಿ ಕಾಣುತ್ತಿರುವಾಗಲೇ ರಕ್ತ ಹುಳಿಯಾಗುವ (ಆಮ್ಲ ಏರುವ) ಅಪಾಯವಿದೆ. ಯಾವುದನ್ನೂ ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಂತೂ ಖಂಡಿತ ಬೇಡ. ಹೇಳಿ, ಸಾಕು. ಉಪವಾಸದ ಲೆಕ್ಕವನ್ನೂ ಬಿಡಿಸಿಯೇ ಹೇಳುತ್ತೇನೆ: ಎಣ್ಣೆ, ಮಾಂಸದ ಊಟಕ್ಕೆ 8 ಗಂಟೆ, ಹಗುರ ತಿಂಡಿಗೆ 6 ಗಂಟೆ, ಬರೀ ನೀರಿಗೆ 2 ಗಂಟೆ. ಹಾಲು ಹಾಕಿದ ಚಾ ನೀರಲ್ಲ. ಗಂಜಿ ತಿಳಿಯೂ ನೀರಲ್ಲ. ನಮ್ಮ ಕಡೆ ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಬೆಳಿಗ್ಗೆ ಒಂದು ಲೋಟ ತಿಳಿ ಒಳಗೆ ಹೋಗಿಯೇ ಇರುತ್ತದೆ.

ಫಾರಂ ಬದಲಿಸಿ ಎಂದು ಅದೇ ವಾರ ಬರೆದುಕೊಟ್ಟೆ. ಅಚ್ಚಾಗಿರುವ 500 ಮುಗಿಯಲಿ ಎಂದು ಆಫೀಸಿನಿಂದ ಉತ್ತರ ಬಂತು. ಪ್ರತಿ ಶೀಟಿನ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ‘ಚುಚ್ಚುಮದ್ದು?’ ಎಂದು ನಾವೇ ಬರೆಯುತ್ತಿದ್ದೇವೆ.

ಆ ದಿನ ಜೀವ ಉಳಿಸಿದ್ದು ದಿಂಬಿನ ಕೆಳಗಿದ್ದ ಸಕ್ಷನ್, ಮತ್ತು ತಲೆಯ ಹತ್ತಿರ ಬೇರೆ ಯಾವ ಕೆಲಸವೂ ಇಲ್ಲದೆ ನಿಂತಿದ್ದ ಒಬ್ಬ ಎಂಡಿ ಅನಸ್ತೇಶಿಯಾ, ಅಂದರೆ ಅರಿವಳಿಕೆ ತಜ್ಞ ಡಾಕ್ಟರು. ಕಾಸ್ಮೆಟಿಕ್ ಕೇಸಿಗೆ ಬರುವವರು ನಮ್ಮನ್ನು ಕೇಳುವುದು ದರ ಎಷ್ಟು, ಕಲೆ ಉಳಿಯುತ್ತದಾ, ಎಷ್ಟು ದಿನ ರಜೆ ಬೇಕು. ಅನಸ್ತೇಶಿಯಾ ಯಾರು ಕೊಡುತ್ತಾರೆ ಎಂದು ಕೇಳಿದವರನ್ನು ನಾನು ಕಂಡದ್ದು ತೀರಾ ಕಡಿಮೆ. ಮೊದಲ ಪ್ರಶ್ನೆ ಅದೇ ಆಗಲಿ. ಹೆಸರು, ಡಿಗ್ರಿ, ಕೊನೆಯ ಹೊಲಿಗೆಯ ತನಕ ಪಕ್ಕದಲ್ಲೇ ಇರುತ್ತಾರಾ. ಸರ್ಜನ್ನೇ ಮಂಪರು ಮದ್ದು ಕೊಟ್ಟುಕೊಂಡು ತಾವೇ ಕೊಯ್ಯುವ ಜಾಗವಾದರೆ ಎದ್ದು ಬನ್ನಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ತೀರಿಹೋದ ಸುದ್ದಿ ಎಲ್ಲರೂ ಓದಿದ್ದಾರೆ. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂದಲು ಕಸಿಯ ಬಗ್ಗೆ ಸೂಚನೆ ಹೊರಡಿಸಿ, ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿದ್ದು ತರಬೇತಿ ಅಲ್ಲ ಎಂದು ಬರೆಯಬೇಕಾಯಿತು.

ಸರ್ಜನ್ ವಿಷಯಕ್ಕೆ ಬಂದರೆ, ‘ಕಾಸ್ಮೆಟಿಕ್ ಸರ್ಜನ್’ ಎಂಬುದು ಬೋರ್ಡಿನ ಮೇಲಿನ ಮಾತು. ನೋಡಬೇಕಾದದ್ದು ಎಂಬಿಬಿಎಸ್, ಎಂಎಸ್ (ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಡಿಗ್ರಿ) ಆದ ಮೇಲಿನ ಎಂಸಿಎಚ್ ಪ್ಲಾಸ್ಟಿಕ್ ಸರ್ಜರಿ ಡಿಗ್ರಿ, ಅಥವಾ ಅದೇ ವಿಷಯದ ಡಿಎನ್‌ಬಿ. ಎಂಬಿಬಿಎಸ್ ಮುಗಿದ ಮೇಲೂ ಐದಾರು ವರ್ಷದ ದುಡಿಮೆ ಅದು. ಕೂದಲು ಕಸಿ, ಲೇಸರ್, ಚರ್ಮದ ಚಿಕಿತ್ಸೆಗೆ ತರಬೇತಾದ ಚರ್ಮರೋಗ ತಜ್ಞರೂ ಸರಿ. ಕೆಲವು ವಾರದ ಈಸ್ತೆಟಿಕ್ ಕೋರ್ಸಿನ ಸರ್ಟಿಫಿಕೇಟಿಗೆ ಎಷ್ಟೇ ಚಂದದ ಫ್ರೇಮ್ ಹಾಕಿಸಿದ್ದರೂ ಹೊಟ್ಟೆ ಕೊಯ್ಯುವ ಅರ್ಹತೆ ಬರುವುದಿಲ್ಲ. ಡಾಕ್ಟರ ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇರಲೇಬೇಕು. ಆ ಸಂಖ್ಯೆ ಹಾಕಿ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಅಥವಾ ಆಯೋಗದ ರಿಜಿಸ್ಟರಿನಲ್ಲಿ ಹುಡುಕಿ, ಎಂಬಿಬಿಎಸ್ ಒಂದೇ ಇದೆಯಾ, ಮೇಲಿನ ಡಿಗ್ರಿಯೂ ದಾಖಲಾಗಿದೆಯಾ ನೋಡಿ. ಗೋಡೆಯ ಮೇಲೆ ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ಸರ್ಕಾರಿ ನೋಂದಣಿ) ಸರ್ಟಿಫಿಕೇಟ್ ಇರಬೇಕು, ಅದರ ಅವಧಿ ಮುಗಿದಿರಬಾರದು. ಇಷ್ಟಕ್ಕೆ ಹತ್ತು ನಿಮಿಷ ಸಾಕು.

ಇನ್ನೊಂದು ಪ್ರಶ್ನೆ: ಏನಾದರೂ ಎಡವಟ್ಟಾದರೆ ನನ್ನನ್ನು ಎಲ್ಲಿಗೆ ಸಾಗಿಸುತ್ತೀರಿ? ನಮ್ಮ ಜಿಲ್ಲೆಯಲ್ಲಿ ಈ ಉತ್ತರ ಸುಲಭವಲ್ಲ. ಕಾರವಾರದವರು ಗೋವಾದ ಬಾಂಬೋಲಿಂ ಕಡೆ, ಕುಮಟಾ, ಹೊನ್ನಾವರ, ಭಟ್ಕಳದವರು ಮಣಿಪಾಲ ಕಡೆ, ಶಿರಸಿಯವರು ಹುಬ್ಬಳ್ಳಿ ಕಡೆ ಓಡುವುದು ಇಂದಿಗೂ ತಪ್ಪಿಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿದ್ದನ್ನು ಅಂಕೋಲೆಯವರಿಗೆ ಹೇಳಬೇಕಾಗಿಲ್ಲ. ಬೇಕೆಂದಾಗ ಮಾಡಿಸಿಕೊಳ್ಳಬಹುದಾದ ಆಪರೇಶನ್ನನ್ನು ಜುಲೈ, ಆಗಸ್ಟಿನ ಆಟಿ ಮಳೆಯಲ್ಲಿ ಇಟ್ಟುಕೊಳ್ಳಬೇಡಿ. ಗೋವಾದಲ್ಲೋ ಬೆಂಗಳೂರಿನಲ್ಲೋ ಮಾಡಿಸಿದರೆ ಮೊದಲ ವಾರ ಸರ್ಜನ್ ಇರುವ ಊರಲ್ಲೇ ಉಳಿಯಿರಿ. ರಕ್ತ ಒಳಗೆ ಕಟ್ಟುವುದು ಹೆಚ್ಚಾಗಿ ಮೊದಲ 24 ಗಂಟೆಯಲ್ಲಿ: ಒಂದು ಬದಿ ಮಾತ್ರ ಬಿಗಿದು ಉಬ್ಬುತ್ತದೆ, ನೋವು ಏರುತ್ತಲೇ ಹೋಗುತ್ತದೆ. ಬೆಳಗಾಗಲಿ ಎಂದು ಕಾಯಬಾರದು. ಹೊಟ್ಟೆ, ತೊಡೆಯ ದೊಡ್ಡ ಆಪರೇಶನ್ ಆದವರು ಹೊಲಿಗೆಯ ಜೊತೆ ರಾತ್ರಿ ಬಸ್ಸಿನಲ್ಲಿ ಕಾಲು ಜೋತುಬಿಟ್ಟು ಕೂತರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರುವ ಅಪಾಯವಿದೆ. ಆಪರೇಶನ್ ಆದ ಸಂಜೆಯೇ ಎಬ್ಬಿಸಿ ನಡೆಸುವುದು ಇದಕ್ಕೇ.

ಮೈಯನ್ನು ಸಿದ್ಧ ಮಾಡುವ ವಿಷಯದಲ್ಲಿ ನನಗೆ ದೊಡ್ಡ ತಲೆನೋವು ಕವಳ, ಅಂದರೆ ಎಲೆ ಅಡಕೆ. ಸಿಗರೇಟು ಬಿಟ್ಟಿದ್ದೀರಾ ಎಂದರೆ ಸೇದುವುದೇ ಇಲ್ಲ ಎನ್ನುತ್ತಾರೆ. ಬಾಯಲ್ಲಿ ಹೊಗೆಸೊಪ್ಪು ಇರುತ್ತದೆ. ನಿಕೋಟಿನ್ ಯಾವ ದಾರಿಯಲ್ಲಿ ಬಂದರೂ ರಕ್ತನಾಳ ಸಂಕುಚಿಸುತ್ತದೆ, ಎಬ್ಬಿಸಿ ಎಳೆದು ಹೊಲಿದ ಚರ್ಮದ ಅಂಚಿಗೆ ರಕ್ತ ಸಾಲದೆ ಕಪ್ಪಾಗುತ್ತದೆ. ಆಪರೇಶನ್ನಿಗೆ ಮೊದಲು 4 ವಾರ, ನಂತರ 4 ವಾರ ಪೂರ್ತಿ ಬಿಡಬೇಕು. ವರ್ಷಗಟ್ಟಲೆ ಅಡಕೆ, ಗುಟ್ಕಾ ಅಗಿದವರ ಬಾಯಿ ಅಗಲವಾಗಿ ತೆರೆಯುವುದೂ ಇಲ್ಲ. ಮೂರು ಬೆರಳು ಹಿಡಿಸದ ಬಾಯಿಯಲ್ಲಿ ಆ ದಿನದಂಥ ನಾಲ್ಕು ನಿಮಿಷ ಬಂದರೆ ಟ್ಯೂಬ್ ಹಾಕುವುದು ಹೇಗೆ? ಕವಳ ಹಾಕುವವರು ಈಗಲೇ ಕನ್ನಡಿ ಮುಂದೆ ನಿಂತು ಮೂರು ಬೆರಳು ನೆಟ್ಟಗೆ ಇಟ್ಟು ನೋಡಿಕೊಳ್ಳಿ.

ಲೈಪೊಸಕ್ಷನ್ ತೂಕ ಇಳಿಸುವ ದಾರಿಯಲ್ಲ. ತೆಗೆಯುವುದು ಚರ್ಮದಡಿಯ ಕೊಬ್ಬನ್ನು, ಶುಗರ್ ತರುವ ಹೊಟ್ಟೆಯೊಳಗಿನ ಕೊಬ್ಬು ಅಲ್ಲೇ ಇರುತ್ತದೆ. ಅದನ್ನು ಕರಗಿಸುವುದು ನಡಿಗೆ ಮತ್ತು ಊಟ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟದಿರಲಿ. ಒಂದೇ ಸಲ 5 ಲೀಟರಿಗಿಂತ ಹೆಚ್ಚು ತೆಗೆಯುವುದಿದ್ದರೆ ಆಸ್ಪತ್ರೆಯಲ್ಲಿ ರಾತ್ರಿ ಉಳಿಯಲೇಬೇಕು, ಸಂಜೆಯೇ ಮನೆಗೆ ಎನ್ನುವ ಪ್ಯಾಕೇಜು ಬೇಡ. ತೂಕ ಇಳಿಸಿದವರು ಕನಿಷ್ಠ ಮೂರು ತಿಂಗಳು ಅದೇ ತೂಕದಲ್ಲಿ ನಿಂತ ಮೇಲೆ ಬನ್ನಿ. ಪೆನ್ನಿನಿಂದ ಇಳಿಸಿದವರು ಎರಡು ತುತ್ತಿಗೇ ಏಳುವುದರಿಂದ ಪ್ರೋಟೀನ್ ಕಡಿಮೆಯಾಗಿ ಗಾಯ ಮಾಯುವುದು ತಡವಾಗುತ್ತದೆ. ಕೆ.ಜಿ. ತೂಕಕ್ಕೆ ದಿನಕ್ಕೆ 1 ಗ್ರಾಂ ಆದರೂ ಬೇಕು. 100 ಗ್ರಾಂ ಬಂಗುಡೆಯಲ್ಲಿ ಸುಮಾರು 20 ಗ್ರಾಂ, ಮೊಟ್ಟೆಯಲ್ಲಿ 6. ಮೀನು ತಿನ್ನದವರಿಗೆ ಹೆಸರುಕಾಳು, ಮೊಸರು. ಸಾರು ಅನ್ನ ಮಾತ್ರ ಉಂಡರೆ ಆಗುವುದಿಲ್ಲ.

ಆ ಪೇಷಂಟ್ ರಜೆ ಮುಂದುವರಿಸಿ ಎರಡು ತಿಂಗಳ ನಂತರ ಬಂದರು. ಪೆನ್ನು ನಿಲ್ಲಿಸಿದ್ದರು. ಹಿಂದಿನ ದಿನ ಬರೀ ದ್ರವಾಹಾರ ಕೊಟ್ಟು, ಬೆಳಿಗ್ಗೆ ಹೊಟ್ಟೆ ಸ್ಕ್ಯಾನ್ ಮಾಡಿ ಖಾಲಿ ಇದೆಯೆಂದು ನೋಡಿಯೇ ಒಳಗೆ ಕರೆದುಕೊಂಡೆವು. ಆಪರೇಶನ್ ಸಲೀಸಾಗಿ ಮುಗಿಯಿತು. ಗಾಯದೊಳಗಿನ ದ್ರವ ಹೊರತರುವ ಡ್ರೇನ್ ನಳಿಕೆಯಲ್ಲಿ ಬರುವುದು 24 ಗಂಟೆಗೆ 30 ಎಂಎಲ್‌ಗಿಂತ ಕೆಳಗೆ ಇಳಿದದ್ದು ಮೂರನೇ ದಿನ, ಅಂದೇ ತೆಗೆದರು. ಡಿಸ್ಚಾರ್ಜ್ ಹೊತ್ತಿಗೆ ಅವರ ಹೆಂಡತಿ ಎದೆ ಒತ್ತಿ ಹಿಡಿಯುವ ಬಿಗಿ ಅಂಗಿ, ಕಂಪ್ರೆಶನ್ ವೆಸ್ಟ್, ಹಿಡಿದುಕೊಂಡು ಬಂದರು.

“ಆರು ವಾರ ಹಗಲೂ ರಾತ್ರಿ ಹಾಕಬೇಕು ಅಂದ್ರೆ ತೊಳೆಯೂದು ಯಾವಾಗ ಸಿಸ್ಟರ್? ಈ ಹವೆಗೆ ಒಣಗೂದೂ ಇಲ್ಲ.”

ಎರಡು ತೆಗೆದುಕೊಳ್ಳಿ ಎಂದೆ. ಒಂದು ಮೈಮೇಲೆ, ಒಂದು ಫ್ಯಾನ್ ಕೆಳಗೆ. ಒದ್ದೆ ಇರುವುದನ್ನು ಹಾಕಿದರೆ ಕಂಕುಳಲ್ಲಿ ಫಂಗಸ್ ಬರುತ್ತದೆ. ಒಳಗೆ ಹತ್ತಿ ಬನಿಯನ್ ಇರಲಿ, ಅದರ ಮಡಿಕೆ ಹೊಲಿಗೆಯ ಮೇಲೆ ಬೀಳದ ಹಾಗೆ ಕೈಯಿಂದ ಸವರಿ ನೆಟ್ಟಗೆ ಮಾಡಿ.