ಗ್ರೀಸ್ ಬೇಡದ ಗಾಣದ ಬುಷ್: ಗ್ರಾಫೈಟ್ ಪಿನ್ ಟೆಸ್ಟ್ ಎಲ್ಲಿಗೆ ಬಂತು

ಹೊಸಬರಿಗೆ ಎರಡು ಮಾತು. ಪಾಂಡವಪುರದ ಹತ್ತಿರ ನಮ್ಮ ಭಾವನ ಆಲೆಮನೆ ಇದೆ. ಗಾಣದ ರೋಲರ್ ಷಾಫ್ಟ್‌ಗಳು ಗನ್ ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಬುಷ್‌ಗಳಲ್ಲಿ, ಅಂದರೆ ಷಾಫ್ಟನ್ನು ಹಿಡಿದಿಡುವ ಬಳೆಯಂಥ ತುಂಡುಗಳಲ್ಲಿ, ತಿರುಗುತ್ತವೆ. ಕಪ್ಪಗಾದ ಗ್ರೀಸ್ ಬುಷ್‌ನಿಂದ ಹೊರಬಂದು ಕಬ್ಬಿನ ಹಾಲಿನ ಕಡೆಗೇ ಇಳಿಯುತ್ತದೆ. ಗ್ರೀಸೇ ಬೇಡದ ಬುಷ್ ಮಾಡಬಹುದಾ ಅಂತ ಮೈಸೂರಿನ ನಮ್ಮ ಮನೆ ಷೆಡ್ಡಿನಲ್ಲಿ ನೋಡುತ್ತಿದ್ದೇನೆ.

ಗಾಣದ ರೋಲರ್ ತುಂಬಾ ನಿಧಾನ, ಮೇಲಿನ ಒತ್ತಡ ಮಾತ್ರ ಭಾರಿ. ಎಣ್ಣೆಯ ಪದರ ಷಾಫ್ಟನ್ನು ಎತ್ತಿ ಹಿಡಿಯಬೇಕಾದರೆ ವೇಗ ಬೇಕು. ಇಲ್ಲಿ ಆ ವೇಗ ಇಲ್ಲ, ಹಾಗಾಗಿ ಎಷ್ಟು ಗ್ರೀಸ್ ತುಂಬಿದರೂ ಒತ್ತಡಕ್ಕೆ ಪಕ್ಕಕ್ಕೆ ಸರಿದು ಲೋಹಕ್ಕೆ ಲೋಹ ತಾಗುತ್ತದೆ. ಗ್ರಾಫೈಟ್‌ನಂಥ ಒಣ ಲೂಬ್ರಿಕೆಂಟ್‌ಗೆ ಹೇಳಿ ಮಾಡಿಸಿದ ಜಾಗ ಇದು.

ಟೆಸ್ಟಿಂಗ್ ಯಂತ್ರ ಸರಳ. ತಿರುಗುವ ಇಎನ್ 8 (ಷಾಫ್ಟ್‌ಗಳಿಗೆ ಬಳಸುವ ಸಾಮಾನ್ಯ ಕಾರ್ಬನ್ ಉಕ್ಕು) ಡಿಸ್ಕ್, ಅದರ ಮೇಲೆ 8 ಮಿ.ಮೀ. ದಪ್ಪದ ಪಿನ್, ಪಿನ್ ಮೇಲೆ 2 ಕೆ.ಜಿ. ತೂಕ. ಡಿಸ್ಕ್ ಪಿನ್ನನ್ನು ಎಷ್ಟು ಎಳೆಯುತ್ತದೆ ಅಂತ ಪಕ್ಕದ ಲೋಡ್ ಸೆಲ್ ಹೇಳುತ್ತದೆ. ಅದು 400 ಗ್ರಾಂ ತೋರಿಸಿದರೆ ಘರ್ಷಣೆ ಗುಣಾಂಕ, ಅಂದರೆ ಎಳೆತವನ್ನು ತೂಕದಿಂದ ಭಾಗಿಸಿದ್ದು, 0.2. ಲೆಕ್ಕ ಅಷ್ಟೇ.

ಬರೀ ಗನ್ ಮೆಟಲ್ ಪಿನ್ ಒಣಗಿದ್ದಾಗ ಕಿರುಚಿಕೊಂಡು ಓಡಿತು. 0.4 ದಾಟಿತು, ಡಿಸ್ಕ್ ಮೇಲೆ ತಾಮ್ರದ ಬಣ್ಣ ಮೆತ್ತಿಕೊಂಡಿತು. ಇದು ನಿರೀಕ್ಷಿಸಿದ್ದೇ.

ಆಮೇಲೆ ಪಿನ್ನಿನ ನಡುವೆ 4 ಮಿ.ಮೀ. ತೂತು ಕೊರೆದು ಗ್ರಾಫೈಟ್ ಕಡ್ಡಿ ಕೂರಿಸಿದೆ. ಪಿನ್ ಮುಖದ ಸರಿಯಾಗಿ ಕಾಲು ಭಾಗ ಗ್ರಾಫೈಟ್. ಕಡ್ಡಿ ಇಡಿಎಂ (ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ) ಕೆಲಸದಲ್ಲಿ ಉಳಿದ ತುಂಡು. ಪೆನ್ಸಿಲ್ ಕಡ್ಡಿ ಹಾಕಬಹುದಲ್ವಾ ಅಂತ ಕೇಳಿದವರಿದ್ದಾರೆ. ಬೇಡ, ಅದರಲ್ಲಿ ಜೇಡಿಮಣ್ಣು ಸೇರಿರುತ್ತದೆ, ಷಾಫ್ಟನ್ನು ಉಜ್ಜುತ್ತದೆ.

ಈ ಪಿನ್ 0.3ರ ಹತ್ತಿರ ಶುರುವಾಗಿ ನಿಧಾನಕ್ಕೆ ಇಳಿಯಿತು. ಡಿಸ್ಕ್ ನಿಲ್ಲಿಸಿ ಲೂಪ್‌ನಲ್ಲಿ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ನೋಡಿದೆ. 8 ಮಿ.ಮೀ. ಅಗಲದ ಪಟ್ಟೆಯಲ್ಲಿ ನಡುವೆ ಮಾತ್ರ ಬೂದು ಬಣ್ಣದ ಹೊಳಪು, ಎರಡೂ ಅಂಚಿನಲ್ಲಿ ಇನ್ನೂ ತಾಮ್ರದ ಗೆರೆಗಳು. ಗ್ರಾಫೈಟ್ ಪಕ್ಕಕ್ಕೆ ಹರಡಿಕೊಳ್ಳುತ್ತದೆ ನಿಜ, ಆದರೆ ಬಹಳ ಸೋಮಾರಿ.

ಅದಕ್ಕೆ ಇನ್ನೊಂದು ಪಿನ್. 2 ಮಿ.ಮೀ.ನ ನಾಲ್ಕು ತೂತು, ಒಂದರ ದಾರಿಯಲ್ಲಿ ಇನ್ನೊಂದು ಬರದ ಹಾಗೆ ಓರೆಯಾಗಿ. ಗ್ರಾಫೈಟ್ ಮತ್ತೆ ಕಾಲು ಭಾಗವೇ, ಒಂದು ಚೂರೂ ಜಾಸ್ತಿ ಇಲ್ಲ. ಆದರೆ ಈಗ ಪಟ್ಟೆಯ ಹೆಚ್ಚುಕಮ್ಮಿ ಇಡೀ ಅಗಲದ ಮೇಲೆ ಯಾವುದಾದರೂ ಒಂದು ಗ್ರಾಫೈಟ್ ಚುಕ್ಕೆ ಹಾದುಹೋಗುತ್ತದೆ. ಗುಣಾಂಕ ಬೇಗ ಇಳಿದು 0.2ರ ಕೆಳಗೆ ನಿಂತಿತು. ಅಂಗಡಿಯಲ್ಲಿ ಸಿಗುವ ಗ್ರಾಫೈಟ್ ಬುಷ್‌ಗಳ ಚುಕ್ಕೆಗಳು ಸಾಲು ತಪ್ಪಿಸಿ ಕೂತಿರುವುದು ಅಂದಕ್ಕಲ್ಲ. ಎಷ್ಟು ಗ್ರಾಫೈಟ್ ಹಾಕಿದೆ ಅನ್ನೋದಕ್ಕಿಂತ ಎಲ್ಲಿ ಹಾಕಿದೆ ಅನ್ನೋದೇ ಮುಖ್ಯ ಅಂತ ನನಗೆ ಈಗ ಗಟ್ಟಿಯಾಗಿದೆ.

ಕೆಲಸ ಮಾಡುವುದು ಡಿಸ್ಕ್ ಮೇಲಿನ ಆ ಬೂದು ಪದರವೇ. ಪರೀಕ್ಷಿಸಲು ಬೇಕಂತಲೇ ಸ್ಪಿರಿಟ್ ಹಾಕಿ ಉಜ್ಜಿ ಒರೆಸಿದೆ. ರೀಡಿಂಗ್ ತಕ್ಷಣ ಮೇಲೆ ಹಾರಿತು, ಹೊಸ ಪದರ ಕೂತ ಮೇಲೆ ಮತ್ತೆ ಇಳಿಯಿತು.

ಗ್ರಾಫೈಟ್ ಚಿರೋಟಿಯ ಹಾಗೆ ಪದರ ಪದರ, ಅದಕ್ಕೇ ಜಾರುತ್ತದೆ ಅಂತ ಓದಿರುತ್ತೇವೆ. ಅದು ಅರ್ಧ ಕಥೆ. ಎರಡನೇ ಮಹಾಯುದ್ಧದಲ್ಲಿ ತುಂಬಾ ಎತ್ತರಕ್ಕೆ ಹಾರಿದ ವಿಮಾನಗಳ ಜನರೇಟರ್‌ಗಳಲ್ಲಿ ಕಾರ್ಬನ್ ಬ್ರಷ್‌ಗಳು ಕೆಲವೇ ಗಂಟೆಗಳಲ್ಲಿ ಪುಡಿಯಾಗಿ ಹೋಗುತ್ತಿದ್ದವು. ಅಷ್ಟು ಎತ್ತರದ ಗಾಳಿಯಲ್ಲಿ ತೇವವೇ ಇಲ್ಲ. ನೀರಿನ ಆವಿ ಪದರಗಳ ಅಂಚಿಗೆ ಅಂಟಿಕೊಂಡರೆ ಮಾತ್ರ ಗ್ರಾಫೈಟ್ ಚೆನ್ನಾಗಿ ಜಾರುತ್ತದೆ. ಇನ್ನೊಂದು ಒಣ ಲೂಬ್ರಿಕೆಂಟ್ ಮಾಲಿಬ್ಡಿನಮ್ ಡೈಸಲ್ಫೈಡ್ ಇದಕ್ಕೆ ತದ್ವಿರುದ್ಧ, ಅದಕ್ಕೆ ತೇವವೇ ಶತ್ರು. ಆಲೆಮನೆಯಲ್ಲಿ ಕೊಪ್ಪರಿಗೆಯ ಹಬೆಗೇನೂ ಕೊರತೆಯಿಲ್ಲ, ಆ ಚಿಂತೆ ಬಿಟ್ಟೆ.

ಸವೆತದ ಲೆಕ್ಕ ಸ್ವಲ್ಪ ತಲೆನೋವು. ಅಶೋಕ ರಸ್ತೆಯ ಪರಿಚಯದ ಚಿನ್ನದ ಅಂಗಡಿಯಲ್ಲಿ ಮಿಲಿಗ್ರಾಂ ತಕ್ಕಡಿ ಇದೆ, ಅಲ್ಲಿ ತೂಗಿಸುತ್ತೇನೆ. ‘ಇದ್ಯಾವ ಬಂಗಾರ ಸಾರ್’ ಅಂತ ನಗುತ್ತಾರೆ. ತೊಂದರೆ ಏನಂದರೆ ಒಂದು ಮಿಲಿಗ್ರಾಂ ಗ್ರಾಫೈಟ್ ಒಂದು ಮಿಲಿಗ್ರಾಂ ಗನ್ ಮೆಟಲ್‌ಗಿಂತ ನಾಲ್ಕೈದು ಪಟ್ಟು ಜಾಗ ಹಿಡಿಯುತ್ತದೆ. ಯಾವುದು ಎಷ್ಟು ಸವೆಯಿತು ಅಂತ ತೂಕ ಒಂದೇ ಹೇಳುವುದಿಲ್ಲ. ಆದ್ದರಿಂದ ಪಿನ್ ಉದ್ದವನ್ನೂ ಮೈಕ್ರೋಮೀಟರ್‌ನಲ್ಲಿ ಅಳೆದು ಬರೆದುಕೊಳ್ಳುತ್ತಿದ್ದೇನೆ. 1953ರ ಆರ್ಚರ್ಡ್ ಸೂತ್ರದ ಪ್ರಕಾರ ಸವೆದ ಗಾತ್ರ ಭಾರಕ್ಕೂ ಉಜ್ಜಿದ ದೂರಕ್ಕೂ ಅನುಪಾತದಲ್ಲಿರುತ್ತದೆ, ಗಡಸುತನ ಹೆಚ್ಚಿದಷ್ಟೂ ಕಮ್ಮಿಯಾಗುತ್ತದೆ. ಪಿನ್ ಪಿನ್ ಹೋಲಿಸಲು ಸೂತ್ರ ಸಾಕು. ಆದರೆ ಮೇಲೊಂದು ಪದರ ಕೂತ ಮೇಲೆ ಗಡಸುತನವನ್ನು ಅಷ್ಟು ನಂಬಬೇಡಿ.

ನಿಜವಾದ ತಲೆನೋವು ಕಬ್ಬಿನ ಹಾಲು. ಅದು ಸ್ವಲ್ಪ ಹುಳಿ, ಮೇಲೆ ವಿದ್ಯುತ್ತನ್ನೂ ಸಾಗಿಸುತ್ತದೆ. ಡಿಸ್ಕ್ ಮೇಲೆ ಹಾಲು ಬಿಟ್ಟು, ಪಿನ್ ಇಟ್ಟ ಹಾಗೇ ರಾತ್ರಿಯೆಲ್ಲಾ ಬಿಟ್ಟೆ. ಬೆಳಿಗ್ಗೆ ಎತ್ತಿ ನೋಡಿದರೆ ನಾಲ್ಕು ಗ್ರಾಫೈಟ್ ಚುಕ್ಕೆಗಳ ಸುತ್ತ ಉಕ್ಕಿನ ಮೇಲೆ ಕಂದು ತುಕ್ಕಿನ ಉಂಗುರ, ಉಗುರಿಗೆ ತಡೆಯುವಷ್ಟು ಒರಟು. ಗ್ರಾಫೈಟ್ ಮತ್ತು ಉಕ್ಕು ಒದ್ದೆಯಲ್ಲಿ ತಾಗಿಕೊಂಡರೆ ಬ್ಯಾಟರಿಯಂತಾಗಿ ಉಕ್ಕೇ ಕರಗುತ್ತದೆ. ಗಾಣ ಓಡುವಾಗ ಇದು ಅಷ್ಟು ಕಾಡದಿರಬಹುದು. ರಾತ್ರಿ ನಿಂತಾಗಲೇ ಅಪಾಯ. ಗ್ರೀಸ್ ಇದ್ದಾಗ ಅದು ಹಾಲನ್ನು ಹೊರಗೆ ತಡೆಯುತ್ತಿತ್ತು, ಆ ಉಪಕಾರವನ್ನು ಮರೆಯುವ ಹಾಗಿಲ್ಲ.

ಈಗ ಷಾಫ್ಟ್ ಮೇಲೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನ ತೋಳು (ಕೊಳವೆಯಂಥ ಹೊದಿಕೆ) ಹಾಕುವ ಯೋಚನೆ. ಅದೇ ಸ್ಟೇನ್‌ಲೆಸ್‌ನ ಇನ್ನೊಂದು ಡಿಸ್ಕ್ ಲೇತ್ ಅಂಗಡಿಯಲ್ಲಿದೆ. ‘ಎಣ್ಣೆ ಇಲ್ದೆ ಸ್ಟೀಲು ಹಿಡ್ಕತದೆ ಸಾ, ನೋಡ್ತಾ ಇರಿ’ ಅಂತಾರೆ ಟರ್ನರ್. ಅವರ ಮಾತಲ್ಲಿ ಸತ್ಯ ಇದೆ, ಬರೀ ಸ್ಟೇನ್‌ಲೆಸ್‌ಗೆ ಕಚ್ಚಿಕೊಳ್ಳುವ ಚಾಳಿ ಇದೆ. ಗ್ರಾಫೈಟ್ ಪದರ ಅದರ ನಯವಾದ ಮೈಗೆ ಎಷ್ಟು ಅಂಟುತ್ತದೆ ಅಂತ ನೋಡಬೇಕು. ಮೊದಲು ಒಣ ಓಟ, ಆಮೇಲೆ ಹಾಲು ತೊಟ್ಟಿಕ್ಕಿಸಿಕೊಂಡು. ಕಬ್ಬಿನ ಬುಡದ ಜೊತೆ ಬರುವ ಮಣ್ಣನ್ನು ಅದಕ್ಕೆ ಬೆರೆಸುವುದು ಕೊನೆಗೆ. ಬುಷ್ ಡ್ರಾಯಿಂಗ್‌ನಲ್ಲಿ ಹಾಲು, ಮಣ್ಣು ತಡೆಯುವ ಫೆಲ್ಟ್ ರಿಂಗ್‌ಗೆ (ಉಣ್ಣೆ ಒತ್ತಿದಂಥ ಬಟ್ಟೆಯ ಉಂಗುರ) ಎರಡೂ ಕಡೆ ತೋಡು ಈಗಲೇ ಬಿಟ್ಟಿದ್ದೇನೆ.